ಅಂಗಡಿ ಫಲಕದಿಂದ ದೂರವಾಣಿಯ ಚರಿತ್ರೆ

ತರಗತಿ: 8 ವಿಷಯ: ಸಮಾಜ ವಿಜ್ಞಾನ ಅವಧಿ: 40 ನಿಮಿಷ

ಉದ್ದೇಶ: ದೂರವಾಣಿ ಮೊದಲು ಎಲ್ಲಿಗೆ ಬಂತು, ಹಳ್ಳಿಗೆ ಏಕೆ ತಡವಾಯಿತು ಎಂಬುದನ್ನು ಮಕ್ಕಳು ಕಾರಣ ಸಹಿತ ವಿವರಿಸುವರು.

ಪೀಠಿಕೆ: ಹಳೆಯ ಅಂಗಡಿ ಫಲಕ, ಲಗ್ನಪತ್ರಿಕೆ, ರಸೀದಿಗಳಲ್ಲಿರುವ ಫೋನ್ ಸಂಖ್ಯೆ ಬರೆದು ತರಲು ಹಿಂದಿನ ದಿನವೇ ತಿಳಿಸಿರಿ. ಕಪ್ಪುಹಲಗೆಯ ಮೇಲೆ ಬೀದರ 08482, ಭಾಲ್ಕಿ 08484, ಔರಾದ 08485 ಎಂದು ಬರೆಯಿರಿ. ಜಿಲ್ಲೆ ಒಂದೇ ಇದ್ದರೂ ಎಸ್‌ಟಿಡಿ ಕೋಡ್ ಏಕೆ ಬೇರೆ? ಉತ್ತರ ಮಕ್ಕಳಿಂದಲೇ ಬರಲಿ: ಕೋಡ್ ಎಂದರೆ ಆಯಾ ಎಕ್ಸ್‌ಚೇಂಜ್ ವಲಯದ ವಿಳಾಸ.

ವಿಷಯ ನಿರೂಪಣೆ: 1882ರಲ್ಲಿ ಓರಿಯಂಟಲ್ ಟೆಲಿಫೋನ್ ಕಂಪನಿ ಕಲ್ಕತ್ತ, ಮದ್ರಾಸ್, ಮುಂಬಯಿಗಳಲ್ಲಿ ಎಕ್ಸ್‌ಚೇಂಜ್ ತೆರೆಯಿತು. ವ್ಯಾಪಾರ ಇದ್ದಲ್ಲಿಗೆ ತಂತಿ ಹೋಯಿತು. ದೊಡ್ಡ ಎಕ್ಸ್‌ಚೇಂಜಿಗೆ ತಂಪು ಕೋಣೆ, ನಿರಂತರ ವಿದ್ಯುತ್ ಬೇಕು. ಹಳ್ಳಿಯಲ್ಲಿ ಅವೆರಡೂ ಇರಲಿಲ್ಲ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಸೆಕೆ, ಧೂಳು ತಾಳುವ 128 ಲೈನುಗಳ ಚಿಕ್ಕ ಎಕ್ಸ್‌ಚೇಂಜ್ ರೂಪಿಸಿತು. ಅದರ ಮೊದಲ ಸ್ಥಾಪನೆ ನಮ್ಮ ರಾಜ್ಯದ ಕಿತ್ತೂರಿನಲ್ಲಿ, 1986ರಲ್ಲಿ. 2000ದ ಅಕ್ಟೋಬರ್ 1ರಂದು ಸರ್ಕಾರಿ ಇಲಾಖೆಯ ಸೇವೆ ಬಿಎಸ್‌ಎನ್‌ಎಲ್ ಕಂಪನಿಯ ಕೈಗೆ ಬಂತು.

ಚಟುವಟಿಕೆ: ಊರಿನ ಮೊದಲ ಫೋನ್ ಯಾರ ಮನೆಯಲ್ಲಿತ್ತು, ಟ್ರಂಕ್ ಕಾಲ್ ಬುಕ್ ಮಾಡಿ ಎಷ್ಟು ಹೊತ್ತು ಕಾಯುತ್ತಿದ್ದರು ಎಂದು ಅಜ್ಜ-ಅಜ್ಜಿಯರನ್ನು ಕೇಳಿ ಬರೆದು ತರಲಿ. ಇಬ್ಬರ ಮಾತು ಬೇರೆಯಾದರೆ ಎರಡನ್ನೂ ದಾಖಲಿಸಲಿ.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ: ಬರೀ ಇಸವಿ ಬಾಯಿಪಾಠ ಮಾಡಿಸಿದರೆ ಚರಿತ್ರೆ ಬೇರೆ ಊರಿನದೆಂದು ಔರಾದದ ಮಗು ತಿಳಿಯುತ್ತದೆ. ಈ ಫಲಕಗಳು ಅಳಿಸುತ್ತಿವೆ. ಅವು ಇರುವಾಗಲೇ ಪಾಠ ಮಾಡಿರಿ.

ಮೌಲ್ಯಮಾಪನ: ಮುಂಬಯಿಗೆ ಫೋನ್ ಬಂದು ನೂರು ವರ್ಷವಾದರೂ ಎಷ್ಟೋ ಹಳ್ಳಿಗಳಿಗೆ ಏಕೆ ಬಂದಿರಲಿಲ್ಲ? ಎರಡು ಕಾರಣ ಬರೆಯಿರಿ.