ಅಂಗಡಿಯ ಟೈಲ್ಸ್ ನೆಲ: ನಿರ್ವಹಣೆ ಮತ್ತು ಲೆಕ್ಕಾಚಾರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ಪಟ್ಟಣಗಳ ಅಂಗಡಿ ಮಳಿಗೆಗಳಲ್ಲಿ ಹಿಂದಿನ ಗಾರೆ ಮತ್ತು ಕಲ್ಲುಚಪ್ಪಡಿ ನೆಲಗಳ ಸ್ಥಾನಕ್ಕೆ ಸಿರಾಮಿಕ್ ಹಾಗೂ ವಿಟ್ರಿಫೈಡ್ ಟೈಲ್ಸ್ ಬಂದಿವೆ. ನೆಲ ಹಾಕಿಸುವಾಗ ಚದರಡಿಯ ದರವನ್ನು ಪೈಸೆ ಬಿಡದೆ ಚೌಕಾಸಿ ಮಾಡುವ ವರ್ತಕರು, ಅನಂತರ ಅದನ್ನು ಯಾವುದರಿಂದ ತೊಳೆಯಲಾಗುತ್ತಿದೆ ಎಂಬುದನ್ನು ಗಮನಿಸುವುದು ಕಡಿಮೆ. ಅನೇಕ ಮಳಿಗೆಗಳಲ್ಲಿ ನೆಲದ ಆಯಸ್ಸನ್ನು ಕುಗ್ಗಿಸುವುದು ಗಿರಾಕಿಗಳ ಓಡಾಟಕ್ಕಿಂತ ಹೆಚ್ಚಾಗಿ ವಾರಕ್ಕೊಮ್ಮೆ ಸುರಿಯುವ ಆಸಿಡ್.

ಟೈಲ್ಸ್‌ನ ಸ್ವರೂಪ

ಅಂತರರಾಷ್ಟ್ರೀಯ ಮಾನಕದಂತೆ ಪೋರ್ಸಲೇನ್, ಅಂದರೆ ನಮ್ಮಲ್ಲಿ ವಿಟ್ರಿಫೈಡ್ ಎಂದು ಮಾರಾಟವಾಗುವ ವರ್ಗದ ಟೈಲ್ಸ್, ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರನ್ನು ಹೀರುವುದಿಲ್ಲ. ಸಾಧಾರಣ ಸಿರಾಮಿಕ್ ಟೈಲ್ಸ್ ಇದಕ್ಕಿಂತ ಹೆಚ್ಚು ಹೀರುತ್ತದೆ. ಅದನ್ನು ಕಾಯುವುದು ಮೇಲಿನ ಗಾಜಿನಂಥ ಲೇಪ. ಎರಡರಲ್ಲಿಯೂ ದುರ್ಬಲವಾದ ಭಾಗವೆಂದರೆ ಸಂದುಗಳಲ್ಲಿ ತುಂಬಿದ ಸಿಮೆಂಟ್. ಆಸಿಡ್ ಈ ಸಿಮೆಂಟಿನ ಸುಣ್ಣದಂಶವನ್ನು ಕರಗಿಸುತ್ತದೆ. ಸಂದು ಸವೆದರೆ ನೀರು ಒಳಗಿಳಿದು, ಕಾಲಕ್ರಮೇಣ ಟೈಲ್ಸ್ ಸಡಿಲಗೊಳ್ಳುತ್ತವೆ.

ಸ್ಥಳಕ್ಕೆ ತಕ್ಕ ಸಮಸ್ಯೆ

ಚನ್ನಗಿರಿಯ ಅಡಿಕೆ ವ್ಯಾಪಾರಸ್ಥರಿಗೆ ಚೊಗರಿನ ಕಲೆಯ ಅನುಭವವಿದೆ. ಹೊಳಪು ಕೊಟ್ಟ ವಿಟ್ರಿಫೈಡ್ ಟೈಲ್ಸ್‌ನ ಮೇಲ್ಮೈಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಕಲೆ ಒಣಗುವ ಮೊದಲೇ ಸಾಬೂನು ನೀರಿನಿಂದ ಒರೆಸುವುದೇ ಸುಲಭವಾದ ಪರಿಹಾರ.

ಹೊನ್ನಾಳಿ, ನ್ಯಾಮತಿಗಳ ಮೆಕ್ಕೆಜೋಳ, ಭತ್ತ ಹಾಗೂ ಗೊಬ್ಬರದ ಮಳಿಗೆಗಳಲ್ಲಿ ಧೂಳು ಮತ್ತು ಮರಳಿನದೇ ತೊಂದರೆ. ಮರಳಿನ ಕಣ ಟೈಲ್ಸ್‌ನ ಲೇಪಕ್ಕಿಂತ ಗಟ್ಟಿಯಾಗಿರಬಹುದು. ಗುಡಿಸದೆ ಒದ್ದೆ ಬಟ್ಟೆ ಎಳೆದರೆ ಅದು ಉಜ್ಜುಕಾಗದದಂತೆ ಗೀರುತ್ತದೆ. ಯೂರಿಯಾ ಗೊಬ್ಬರ ತೇವ ಹೀರಿ ನೆಲವನ್ನು ಜಾರುವಂತೆ ಮಾಡುವುದರಿಂದ ಚೆಲ್ಲಿದ ಕೂಡಲೇ ಒಣದಾಗಿಯೇ ಗುಡಿಸಬೇಕು.

ಕೊಳವೆಬಾವಿಯ ಗಡಸು ನೀರನ್ನೇ ಅವಲಂಬಿಸಿದ ಜಗಳೂರಿನಂಥ ಕಡೆ ಬಿಳಿ ಪೊರೆ ಕಟ್ಟುತ್ತದೆ. ಒರೆಸಿದ ನಂತರ ನೆಲವನ್ನು ಒಣಬಟ್ಟೆಯಿಂದ ಒಣಗಿಸಿದರೆ ಪೊರೆ ಕಡಿಮೆಯಾಗುತ್ತದೆ. ಕಟ್ಟಿದ ಪೊರೆಗೆ, ಮೊದಲು ಸಂದುಗಳನ್ನು ನೀರಿನಿಂದ ತೋಯಿಸಿ, ನೀರು ಬೆರೆಸಿದ ನಿಂಬೆ ಉಪ್ಪನ್ನು ಅಪರೂಪಕ್ಕೆ ಬಳಸಿ, ತಕ್ಷಣ ತೊಳೆಯಬಹುದು.

ಅನುಸರಿಸಬೇಕಾದ ಕ್ರಮ

1. ಬಾಗಿಲಲ್ಲಿ ಕಾಲೊರಸು ಹಾಕಿ, ಪ್ರತಿದಿನ ಮೊದಲು ಗುಡಿಸಬೇಕು.
2. ಸೌಮ್ಯ ಸಾಬೂನು ದ್ರಾವಣಕ್ಕೆ ಒಂದು, ಬಟ್ಟೆ ಹಿಂಡಲು ಇನ್ನೊಂದು ಬಕೆಟ್ ಇರಬೇಕು. ಸಾಬೂನು ಉಳಿದರೆ ಧೂಳು ಅಂಟುತ್ತದೆ.
3. ಸಂದುಗಳಿಗೆ ನೈಲಾನ್ ಬ್ರಷ್ ಸಾಕು. ತಂತಿ ಬ್ರಷ್ ಬೇಡ.
4. ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಬೆರೆಸಬಾರದು. ಹೊರಡುವ ಕ್ಲೋರಿನ್ ಅನಿಲ ವಿಷಕಾರಿ. ನೆಲ ತೊಳೆಯುವ ಕೆಲಸದವರಿಗೆ ಇದನ್ನು ತಿಳಿಹೇಳುವುದು ಮಾಲೀಕರ ಕರ್ತವ್ಯ.
5. ಹೊಸದಾಗಿ ಹಾಕಿಸುವಾಗ ಅದೇ ಬ್ಯಾಚಿನ ಒಂದೆರಡು ಪೆಟ್ಟಿಗೆ ತೆಗೆದಿರಿಸಬೇಕು. ಬ್ಯಾಚ್ ಬದಲಾದರೆ ಬಣ್ಣವೂ ವ್ಯತ್ಯಾಸವಾಗುತ್ತದೆ.

ಲೆಕ್ಕಪತ್ರದ ದೃಷ್ಟಿ

ಶುಚಿಗೊಳಿಸುವ ಸಾಮಗ್ರಿ, ಸಂದು ತುಂಬಿಸುವಿಕೆ, ಒಡೆದ ನಾಲ್ಕಾರು ಟೈಲ್ಸ್‌ನ ಬದಲಾವಣೆ ಇವೆಲ್ಲ ಸಾಮಾನ್ಯವಾಗಿ ರಾಜಸ್ವ ವೆಚ್ಚಗಳು. ಆಯಾ ವರ್ಷದ ಲಾಭದಿಂದಲೇ ಕಳೆಯಬಹುದು. ಇಡೀ ನೆಲವನ್ನು ಹೊಸದಾಗಿ ಹಾಕಿಸಿ ಅದನ್ನು ಕಟ್ಟಡದ ಖಾತೆಗೆ ಸೇರಿಸಿದರೆ ಅದು ಬಂಡವಾಳ ವೆಚ್ಚ. ಸವಕಳಿಯ ಮೂಲಕ ವರ್ಷ ವರ್ಷ ಸ್ವಲ್ಪವಾಗಿ ಮಾತ್ರ ದೊರೆಯುತ್ತದೆ.

ಜಿಎಸ್‌ಟಿಯಲ್ಲಿಯೂ ವ್ಯತ್ಯಾಸವಿದೆ. ಸಿರಾಮಿಕ್ ಟೈಲ್ಸ್ ಮೇಲಿನ ದರ 2017ರ ನವೆಂಬರ್‌ನಲ್ಲಿ ಶೇ. 28ರಿಂದ 18ಕ್ಕೆ ಇಳಿಯಿತು. ಆದರೆ ಕೇಂದ್ರ ಜಿಎಸ್‌ಟಿ ಕಾಯಿದೆ, 2017ರ ಕಲಂ 17(5)ರಂತೆ, ಸ್ವಂತ ಕಟ್ಟಡದ ನವೀಕರಣ ಹಾಗೂ ದುರಸ್ತಿಗೆ ಮಾಡಿದ ವೆಚ್ಚದಲ್ಲಿ ಬಂಡವಾಳವಾಗಿ ತೋರಿಸಿದಷ್ಟಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ಉದಾಹರಣೆಗೆ, 500 ಚದರಡಿ ಮಳಿಗೆಗೆ ರೂ. 30,000 ಬೆಲೆಯ ಟೈಲ್ಸ್ ಬೇಕೆಂದು ಭಾವಿಸೋಣ. ಶೇ. 18ರಂತೆ ತೆರಿಗೆ ರೂ. 5,400. ಬಂಡವಾಳ ವೆಚ್ಚವಾದಲ್ಲಿ ಈ ಮೊತ್ತ ವರ್ತಕರ ಕೈಬಿಟ್ಟಂತೆಯೇ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗಂತೂ ಯಾವ ಕ್ರೆಡಿಟ್ಟೂ ಇಲ್ಲ. ಇದರ ಮೇಲೆ ಕೂಲಿ, ಕೆಲಸ ಮುಗಿಯುವವರೆಗೆ ಮುಚ್ಚಿದ ಅಂಗಡಿಯ ವ್ಯಾಪಾರ ನಷ್ಟ ಬೇರೆ.

ಆದ್ದರಿಂದ ವರ್ತಕ ಬಾಂಧವರು ದುರಸ್ತಿಯ ಬಿಲ್ಲುಗಳನ್ನು ಪ್ರತ್ಯೇಕವಾಗಿಡಲಿ. ಆಸಿಡ್ ಬಾಟಲಿಯನ್ನು ಖರೀದಿ ಪಟ್ಟಿಯಿಂದ ತೆಗೆದುಹಾಕಲಿ.