ತೋಳು ಊದಿದೆಯೆಂದು ಕೈಕಟ್ಟಿ ಕೂರಬೇಡಿ

ಊಟಿ ಬಳಿಯ ನಂಜನಾಡಿನ ಹೊಲಗಳಲ್ಲಿ ಕಳೆ ತೆಗೆಯುವುದು, ಕ್ಯಾರೆಟ್ ಕೀಳುವುದು, ಆಲೂಗಡ್ಡೆ ಆಯುವುದು ಹೆಂಗಸರ ಕೈಯಲ್ಲೇ ನಡೆಯುವ ಕೆಲಸ. ಸ್ತನ ಕ್ಯಾನ್ಸರಿನ ಚಿಕಿತ್ಸೆಯಾದ ಮೇಲೆ ಅದೇ ಕೈ ಊದಿಕೊಂಡರೆ ಮನೆಯವರು ಹೇಳುವುದು ಒಂದೇ: "ಇನ್ನು ಏನನ್ನೂ ಎತ್ತಬೇಡ." ಅಕ್ಕರೆಯ ಮಾತು ನಿಜ, ಆದರೆ ಕಾಲ ಬದಲಾಗಿದೆ.

1. ಕಾರಣ ತಿಳಿದುಕೊಳ್ಳಿ. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದರೆ ಅಥವಾ ಅಲ್ಲಿಗೆ ವಿಕಿರಣ ಕೊಟ್ಟರೆ ದುಗ್ಧರಸ ಹರಿಯುವ ದಾರಿ ಕಟ್ಟಿಕೊಳ್ಳಬಹುದು. ರಕ್ತವನ್ನು ತಳ್ಳಲು ಹೃದಯವಿದೆ, ಈ ರಸಕ್ಕೆ ಅಂಥದ್ದಿಲ್ಲ. ಸ್ನಾಯು ಬಿಗಿದು ಸಡಿಲಾದಾಗ ಅದು ಮುಂದೆ ಸಾಗುತ್ತದೆ.

2. ಭಾರದ ಭಯ ಬಿಡಿ. 1996ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ವೈದ್ಯ ಡಾನ್ ಮೆಕೆಂಜಿ, ಸ್ತನ ಕ್ಯಾನ್ಸರ್ ಗೆದ್ದ 24 ಮಹಿಳೆಯರನ್ನು ಡ್ರ್ಯಾಗನ್ ದೋಣಿಗೆ ಹತ್ತಿಸಿ ಹುಟ್ಟು ಹಾಕಿಸಿದರು. ಯಾರಿಗೂ ಹೊಸದಾಗಿ ಊತ ಬರಲಿಲ್ಲ. 2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ತಂಡ, ಆಗಲೇ ಊತವಿದ್ದ 141 ಮಹಿಳೆಯರ ಅಧ್ಯಯನ ಪ್ರಕಟಿಸಿತು. ವಾರಕ್ಕೆರಡು ಸಲ ಭಾರ ಎತ್ತಿದವರಲ್ಲಿ ಊತ ಹೆಚ್ಚಲಿಲ್ಲ, ಅದು ಉಲ್ಬಣಿಸುವುದೂ ಕಡಿಮೆಯಾಯಿತು.

3. ಆತುರ ಬೇಡ. ಭಾರ ಎತ್ತಿದ ಆ ಮಹಿಳೆಯರೂ ಶುರುಮಾಡಿದ್ದು ತೀರಾ ಹಗುರ ಭಾರದಿಂದ, ತರಬೇತುದಾರರ ಕಣ್ಣೆದುರು, ಒತ್ತಡದ ತೋಳುಚೀಲ ತೊಟ್ಟು. ನೀವು ಮೊದಲು ಉಸಿರನ್ನು ಹೊಟ್ಟೆತುಂಬ ಎಳೆದು ಬಿಡಿ. ತೋಳನ್ನು ದಿಂಬಿನ ಮೇಲಿಟ್ಟು ಮುಷ್ಟಿ ಬಿಗಿದು ಬಿಚ್ಚಿ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸಿ. ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ, ಅದರ ತೂಕ ಅರ್ಧ ಕಿಲೋ. ಎರಡು ಮೂರು ದಿನ ತೋಳು ಭಾರವೆನಿಸದಿದ್ದರೆ ಮಾತ್ರ ಮುಂದಿನ ಹೆಜ್ಜೆ. ಗುದ್ದಲಿಗೂ ಮೂಟೆಗೂ ಇದೇ ಲೆಕ್ಕ.

4. ಟೇಪಿನಲ್ಲಿ ಅಳೆಯಿರಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಮೊಣಕೈಯಿಂದ 10 ಸೆಂ.ಮೀ. ಮೇಲೆ ಮತ್ತು ಕೆಳಗೆ ಎರಡೂ ತೋಳುಗಳ ಸುತ್ತಳತೆ ಬರೆದಿಡಿ. ವ್ಯತ್ಯಾಸ 2 ಸೆಂ.ಮೀ. ದಾಟಿದರೆ ವೈದ್ಯರಿಗೆ ತೋರಿಸಿ. ಬಳೆ ಬಿಗಿಯಾಗುವುದನ್ನೂ ಕಡೆಗಣಿಸಬೇಡಿ.

5. ಚರ್ಮ ಕಾಯಿರಿ. ಇಲ್ಲಿನ ಚಳಿಗೆ ಚರ್ಮ ಬಿರಿಯುತ್ತದೆ, ಆ ಸೀಳಿನಲ್ಲೇ ಸೋಂಕು ನುಸುಳುವುದು. ಮಣ್ಣಿನ ಕೆಲಸಕ್ಕೆ ಕೈಗವಸು, ರಾತ್ರಿ ಎಣ್ಣೆ ಅಥವಾ ಕ್ರೀಮು. ಕಂಕುಳಡಿ ಮುಂಡು ಬಿಗಿದುಡುವ ಅಜ್ಜಿಯರು ದುಗ್ಧರಸದ ಹರಿವಿಗೆ ಅಡ್ಡಿಯಾಗದಂತೆ ದಯವಿಟ್ಟು ತುಸು ಸಡಿಲ ಮಾಡಿಕೊಳ್ಳಲಿ.

6. ತೋಳು ಕೆಂಪಾಗಿ, ಬಿಸಿಯೇರಿ, ಜ್ವರ ಬಂದರೆ ವ್ಯಾಯಾಮ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ಊದಿದರೂ ಹಾಗೆಯೇ.

7. ಊತ ಪೂರ್ತಿ ವಾಸಿಮಾಡುತ್ತೇನೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಹತೋಟಿಯಲ್ಲಿಡಬಹುದು, ಅದಕ್ಕೆ ನಿತ್ಯದ ಅಭ್ಯಾಸ ಬೇಕು.

ಊಟಿಗೋ ಕೊಯಮತ್ತೂರಿಗೋ ಮೈಸೂರಿಗೋ ಮುಂದಿನ ತಪಾಸಣೆಗೆ ಹೋದಾಗ, "ನನ್ನ ತೋಳಿಗೆ ಯಾವ ವ್ಯಾಯಾಮ?" ಎಂದು ಬಾಯಿಬಿಟ್ಟು ಕೇಳಿ. ಉತ್ತರ ಸಿಗದೆ ಬಸ್ಸು ಹತ್ತಬೇಡಿ.