ಸಾಧನೆಯ ಚೀಟಿ: 9ನೆಯ ತರಗತಿಯಲ್ಲಿ ಒಂದು ಅವಧಿಯ ಪಾಠ

ಪೀಠಿಕೆ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಶಾಲೆಗಳ ಗೇಟಿನ ಮೇಲೆ ಬ್ಯಾನರುಗಳು ಕಾಣಿಸಿಕೊಳ್ಳುತ್ತವೆ. 625ಕ್ಕೆ ಇಷ್ಟು ಎಂಬ ಅಂಕಿ, ಪಕ್ಕದಲ್ಲಿ ಭಾವಚಿತ್ರ. ಕಷ್ಟಪಟ್ಟು ಓದಿದ ಮಗುವಿಗೆ ಆ ಗೌರವ ಸಲ್ಲಬೇಕಾದದ್ದೇ. ಆದರೆ ಗಣಿತದ 80 ಅಂಕಗಳ ಪತ್ರಿಕೆಯಲ್ಲಿ 9ರಿಂದ 28ಕ್ಕೆ ಬಂದ ಹುಡುಗನಿಗೆ ಅಲ್ಲಿ ಜಾಗವಿಲ್ಲ. ಮೊದಲ ಸ್ಥಾನದಲ್ಲಿರುವ ಹುಡುಗಿಗೂ ಮುಂದಿನ ವರ್ಷ ಆ ಜಾಗ ಕೈತಪ್ಪೀತೆಂಬ ಭಯವಿರುತ್ತದೆ.

ನನ್ನ ಶಾಲಾ ಇಂಟರ್ನ್‌ಶಿಪ್ ತುಮಕೂರು ರಸ್ತೆಯ ಮಾದನಾಯಕನಹಳ್ಳಿಯ ಒಂದು ಪ್ರೌಢಶಾಲೆಯಲ್ಲಿ ನಡೆಯಿತು. ಪೀಣ್ಯದಿಂದ ನೆಲಮಂಗಲದವರೆಗಿನ ಕಾರ್ಖಾನೆ, ಗೋದಾಮುಗಳಲ್ಲಿ ಪಾಳಿಯ ಮೇಲೆ ದುಡಿಯುವವರ ಮಕ್ಕಳೇ ತರಗತಿಯಲ್ಲಿ ಹೆಚ್ಚು. ಎಲ್ಲರ ಸಾಧನೆಯನ್ನೂ ಗುರುತಿಸುವ, ಜೊತೆಗೆ ಯಾರ ಮನಸ್ಸು ಕುಗ್ಗಿದೆ ಎಂಬುದು ಶಿಕ್ಷಕರಿಗೆ ತಿಳಿಯುವಂತೆ ಮಾಡುವ ಒಂದು ಪಾಠವನ್ನು ಅಲ್ಲಿ ರೂಪಿಸಿದೆ. ಅದರ ವಿವರ ಇಲ್ಲಿದೆ.

ಪಾಠದ ಹಿನ್ನೆಲೆ

ಎರಡು ಆಧಾರಗಳನ್ನು ಇಟ್ಟುಕೊಂಡೆ. ಮೊದಲನೆಯದು, 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನ. ಬುದ್ಧಿವಂತಿಕೆಗಾಗಿ ಹೊಗಳಿಸಿಕೊಂಡ ಮಕ್ಕಳು ಕಠಿಣ ಪ್ರಶ್ನೆಗಳಲ್ಲಿ ಸೋತ ನಂತರ ಬೇಗ ಕೈಚೆಲ್ಲಿದರು. ಪ್ರಯತ್ನಕ್ಕಾಗಿ ಹೊಗಳಿಸಿಕೊಂಡವರು ಹೆಚ್ಚು ಹೊತ್ತು ಪಟ್ಟು ಹಿಡಿದರು. ಅವರು ನಮ್ಮ ವಿದ್ಯಾರ್ಥಿಗಳಿಗಿಂತ ಚಿಕ್ಕವರು, ಪರಿಸರವೂ ಬೇರೆ. ಆದರೂ ಹೊಗಳಿಕೆಯ ಮಾತಿನಲ್ಲಿ ಏನಿರಬೇಕು ಎಂದು ಯೋಚಿಸಲು ಅದು ನೆರವಾಗುತ್ತದೆ.

ಎರಡನೆಯದು, ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ. 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ಆರೋಗ್ಯದ ತೊಂದರೆಯಿದೆ ಎಂದು ಅದು ಅಂದಾಜಿಸಿತು. 50 ಮಕ್ಕಳ ತರಗತಿಗೆ ಲೆಕ್ಕ ಹಾಕಿದರೆ ಸರಾಸರಿ ಮೂರು, ನಾಲ್ಕು ಮಕ್ಕಳು.

ಪಾಠದ ಹಂತಗಳು (40 ನಿಮಿಷ)

1. ಪ್ರೇರಣೆ (5 ನಿಮಿಷ): ಕರಿಹಲಗೆಯ ಮೇಲೆ ಎರಡು ವಾಕ್ಯ ಬರೆದೆ. "ನೀನು ತುಂಬಾ ಜಾಣ." "ತಪ್ಪಾದ ಲೆಕ್ಕವನ್ನು ಮೂರು ಸಲ ಮಾಡಿ ಸರಿಪಡಿಸಿದೆ." ನಾಳೆ ಏನು ಮಾಡಬೇಕೆಂದು ಯಾವ ವಾಕ್ಯ ಹೇಳುತ್ತದೆ ಎಂದು ಕೇಳಿದೆ.

2. ಚೀಟಿ ಬರೆಯುವುದು (15 ನಿಮಿಷ): ಪ್ರತಿಯೊಬ್ಬರೂ ಮೂರು ಸಾಲು ಬರೆಯಬೇಕು: ಈ ತಿಂಗಳು ನಾನು ಮಾಡಿದ್ದೇನು? ಎಲ್ಲಿ ಕಷ್ಟವಾಯಿತು? ಯಾರು ನೆರವಾದರು? ಚೀಟಿಯ ಹಿಂಬದಿ ಐಚ್ಛಿಕ. ಅಲ್ಲಿ ಬರೆದದ್ದನ್ನು ನಾನು ಮಾತ್ರ ಓದುತ್ತೇನೆ. ಆದರೆ ಯಾರ ಜೀವಕ್ಕಾದರೂ ಅಪಾಯವಿದೆ ಎನಿಸಿದರೆ ದೊಡ್ಡವರಿಗೆ ಹೇಳುತ್ತೇನೆ ಎಂಬುದನ್ನು ಬರೆಯುವ ಮೊದಲೇ ತಿಳಿಸಿದೆ. ಬರೆದವರೂ ಬರೆಯದವರೂ ಚೀಟಿಯನ್ನು ಮಡಚಿಯೇ ಇಟ್ಟುಕೊಳ್ಳಬೇಕು.

3. ಜೋಡಿ ಚಟುವಟಿಕೆ (12 ನಿಮಿಷ): ಮುಂಬದಿಯ ಸಾಲುಗಳನ್ನು ಪಕ್ಕದವರಿಗೆ ಓದಿ ಹೇಳುವುದು. ಪಕ್ಕದವರು ತಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಸೇರಿಸುವುದು. "ಒಳ್ಳೆಯವನು", "ಜಾಣೆ" ಎಂಬ ಪದಗಳಿಗೆ ಅವಕಾಶವಿಲ್ಲ.

4. ಸಮಾರೋಪ (8 ನಿಮಿಷ): ಇಷ್ಟವಿದ್ದವರು ಎದ್ದು ಓದುವುದು. ಎಲ್ಲ ಚೀಟಿಗಳನ್ನೂ ಸಂಗ್ರಹಿಸುವುದು.

ಅವಲೋಕನ

ಮನೆಯಲ್ಲಿ ಹಿಂದಿ ಮಾತನಾಡುವ ಒಬ್ಬ ಹುಡುಗ ಕನ್ನಡ ಗದ್ಯಪಾಠದ ಒಂದು ಪುಟವನ್ನು ತಡವರಿಸದೆ ಓದಿದ್ದನ್ನು ಬರೆದಿದ್ದ. ಅದನ್ನು ತಾನೂ ಕೇಳಿಸಿಕೊಂಡೆ ಎಂದು ಜೋಡಿಯವನು ಸೇರಿಸಿದ. ಖೋ-ಖೋ ತಂಡದಿಂದ ಬಿಟ್ಟುಹೋದ ಮೇಲೂ ಅಭ್ಯಾಸಕ್ಕೆ ಬಂದದ್ದನ್ನು ಒಬ್ಬಳು ಬರೆದಳು. ಅಂಕಪಟ್ಟಿಯಲ್ಲಿ ಕಾಣದ ಇಂಥ ಸಂಗತಿಗಳೇ ಹೆಚ್ಚಾಗಿದ್ದವು.

ಅಮ್ಮ ಎರಡನೆಯ ಪಾಳಿಗೆ ಹೋದಾಗ ಅಡುಗೆ ಮಾಡಿ, ತಮ್ಮನನ್ನು ಮಲಗಿಸಿ, ಆಮೇಲೆ ಮನೆಪಾಠ ಮುಗಿಸಿದ್ದನ್ನು ಇನ್ನೊಬ್ಬ ವಿದ್ಯಾರ್ಥಿನಿ ಓದಿದಾಗ ಇಡೀ ತರಗತಿ ಚಪ್ಪಾಳೆ ತಟ್ಟಿತು. ಪಾಠದ ನಂತರದ ಚರ್ಚೆಯಲ್ಲಿ ಮಾರ್ಗದರ್ಶಕ ಶಿಕ್ಷಕಿ ಇಲ್ಲೇ ನನ್ನನ್ನು ನಿಲ್ಲಿಸಿದರು. ಹೊತ್ತ ಭಾರವನ್ನು ಹೊಗಳಿದರೆ ಭಾರ ಇಳಿಯುತ್ತದೆಯೇ ಎಂದು ಕೇಳಿದರು. ಆಕೆಗೆ ಓದಲು ಶಾಲೆಯಲ್ಲೇ ಸಮಯ ಸಿಗುವ ದಾರಿ ಹುಡುಕಿದೆವು. ಸಂಜೆಯ ಮನೆಪಾಠದ ಒಂದು ಭಾಗವನ್ನು ಊಟದ ವಿರಾಮದ ನಂತರದ ಗ್ರಂಥಾಲಯ ಅವಧಿಗೆ ಬದಲಾಯಿಸಿದರು. ಮೆಚ್ಚುಗೆಯ ಜೊತೆಗೆ ಒಂದು ಅನುಕೂಲವನ್ನೂ ಮಾಡಿಕೊಡಬೇಕು ಎಂಬುದನ್ನು ನನ್ನ ಪಾಠ ಯೋಜನೆಗೆ ಸೇರಿಸಿಕೊಂಡೆ.

ಹಿಂಬದಿಯ ಸಾಲು

ಒಂದು ಚೀಟಿಯ ಮುಂಬದಿ ಖಾಲಿ ಇತ್ತು. ಹಿಂಬದಿಯಲ್ಲಿ, ರಾತ್ರಿ ನಿದ್ದೆ ಬರುವುದಿಲ್ಲ, ತಾನು ಇದ್ದು ಯಾರಿಗೂ ಪ್ರಯೋಜನವಿಲ್ಲ ಎಂಬ ಅರ್ಥದ ಮಾತಿತ್ತು. ಗುರುತು ಸಿಗುವ ಬೇರೆ ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ.

ಅಂದೇ ಮಧ್ಯಾಹ್ನ, ಮಾರ್ಗದರ್ಶಕ ಶಿಕ್ಷಕಿ ಕಣ್ಣಳತೆಯಲ್ಲಿ ಇದ್ದಂತೆ, ವರಾಂಡದ ಬೆಂಚಿನಲ್ಲಿ ಆ ವಿದ್ಯಾರ್ಥಿಯೊಂದಿಗೆ ಕುಳಿತೆ. ಮೊದಲು ಕೇಳಿಸಿಕೊಂಡೆ. ಬುದ್ಧಿಮಾತು ಹೇಳಲಿಲ್ಲ. ನಂತರ, ಸಾಯಬೇಕು ಎಂಬ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುತ್ತದೆ ಎಂಬ ಭಯ ಹಲವು ಶಿಕ್ಷಕರಲ್ಲಿದೆ. ಸಂಶೋಧನೆಗಳು ಆ ಭಯವನ್ನು ಸಮರ್ಥಿಸುವುದಿಲ್ಲ. ಕೇಳಿದರೆ ಮಗುವಿಗೆ ಮಾತನಾಡಲು ದಾರಿಯಾಗುತ್ತದೆ. ಉತ್ತರ ಕೇಳಿದ ಮೇಲೆ, ಇದನ್ನು ನಾನೊಬ್ಬಳೇ ಇಟ್ಟುಕೊಳ್ಳಲಾರೆ, ಯಾರಿಗೆ ಹೇಳೋಣ ಎಂಬುದನ್ನು ಇಬ್ಬರೂ ಸೇರಿ ತೀರ್ಮಾನಿಸೋಣ ಎಂದೆ. ಮುಖ್ಯ ಶಿಕ್ಷಕರು ಅಂದೇ ಪೋಷಕರನ್ನು ಕರೆಸಿದರು. ದೂರುವ ಧ್ವನಿಯಲ್ಲಿ ಮಾತು ಶುರುವಾಗದಂತೆ ನೋಡಿಕೊಂಡರು. ಅವರೆದುರೇ ಟೆಲಿ ಮಾನಸ್‌ಗೆ ಕರೆ ಮಾಡಿದೆವು. ಅಲ್ಲಿಂದ ಮುಂದಿನದು ವೈದ್ಯರ ಕೆಲಸ. ಪ್ರಶಿಕ್ಷಣಾರ್ಥಿ ಆಪ್ತಸಮಾಲೋಚಕಿಯಲ್ಲ, ಗಮನಿಸುವುದು, ಕೇಳಿಸಿಕೊಳ್ಳುವುದು, ಸರಿಯಾದವರಿಗೆ ತಲುಪಿಸುವುದು, ಮರುದಿನವೂ ವಿಚಾರಿಸುವುದು ನಮ್ಮ ಪಾಲಿನ ಕೆಲಸ.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

• ಟೆಲಿ ಮಾನಸ್ 14416 ಉಚಿತ, 24 ಗಂಟೆ ಲಭ್ಯ, ಕನ್ನಡದಲ್ಲೂ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳು ಹದಿಹರೆಯದವರಿಗಾಗಿಯೇ ಇವೆ. ಹತ್ತಿರದ್ದು ಎಲ್ಲಿದೆ ಎಂದು ಪಾಠಕ್ಕೆ ಮೊದಲೇ ತಿಳಿದುಕೊಳ್ಳಿ.

• ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ನೀಡಿದೆ. ಅಂಕಗಳ ಮೇಲೆ ವಿದ್ಯಾರ್ಥಿಗಳ ತಂಡಗಳನ್ನು ಬೇರ್ಪಡಿಸುವುದನ್ನು, ಎಲ್ಲರೆದುರು ಅವಮಾನಿಸುವುದನ್ನು ಆದಷ್ಟೂ ಬಿಡಬೇಕು. ಸಿಬ್ಬಂದಿಗೆ ವರ್ಷಕ್ಕೆ ಕನಿಷ್ಠ ಎರಡು ಬಾರಿ ಮಾನಸಿಕ ಆರೋಗ್ಯದ ತರಬೇತಿ ಕೊಡಿಸಬೇಕು. ಸಹಾಯವಾಣಿ ಸಂಖ್ಯೆಗಳನ್ನು ಎದ್ದು ಕಾಣುವಂತೆ ಹಾಕಬೇಕು ಎಂಬುವು ಅದರಲ್ಲಿವೆ. ಉತ್ತರಪತ್ರಿಕೆಗಳನ್ನು ಅಂಕಗಳ ಏರಿಳಿತದ ಕ್ರಮದಲ್ಲಿ ಹೆಸರು ಕೂಗಿ ಹಂಚುವ ರೂಢಿಯನ್ನೂ ಈ ಬೆಳಕಿನಲ್ಲಿ ನೋಡಬೇಕು.

• ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಹಾಜರಾತಿ ಏರುಪೇರಾದರೆ, ಇಷ್ಟದ ಆಟವನ್ನು ಬಿಟ್ಟರೆ, ಗೆಳೆಯರಿಂದ ದೂರವಾದರೆ ವಿಚಾರಿಸಿ. ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡಿ.

• ಈ ಪಾಠವನ್ನು ಬೆಳಗಿನ ಅವಧಿಯಲ್ಲೇ ಇಟ್ಟುಕೊಳ್ಳಿ. ಚೀಟಿಗಳನ್ನು ಅಂದೇ ಓದಬೇಕು, ಅಗತ್ಯವಿದ್ದರೆ ಅಂದೇ ಮಾತನಾಡಬೇಕು. ಶನಿವಾರವಂತೂ ಬೇಡ, ಮರುದಿನ ಶಾಲೆಯಿರುವುದಿಲ್ಲ.